ಮೊದಲ ಟೆಲಿ ಝೂಮ್: ಎಂಎಂ ನೋಡುವ ಮೊದಲು ದೂರ ನೋಡಿ, ಬೆಳಕು ನೋಡಿ

ಕೆರೆ ಏರಿಯ ಪಕ್ಕದ ಕರೆಂಟ್ ತಂತಿಯ ಮೇಲೆ ಒಂದು ಗದ್ದೆ ಮಿಂಚುಳ್ಳಿ ಕೂತಿದೆ ಅಂದುಕೊಳ್ಳಿ. ನಿಮಗೂ ಅದಕ್ಕೂ 20 ಮೀಟರ್ ದೂರ. ಹಕ್ಕಿಯ ಉದ್ದ ಸುಮಾರು 28 ಸೆಂಟಿಮೀಟರ್. ನಿಮ್ಮ ಕೈಯಲ್ಲಿ 250 ಎಂಎಂ ಲೆನ್ಸ್ (ಎಂಎಂ ಅಂದರೆ ಲೆನ್ಸಿನ ಫೋಕಲ್ ಲೆಂತ್, ಅದು ಹೆಚ್ಚಾದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ). ಕ್ಯಾಮೆರಾ ಒಳಗಿನ ಸೆನ್ಸರ್ ಮೇಲೆ ಹಕ್ಕಿ ಎಷ್ಟು ದೊಡ್ಡದಾಗಿ ಮೂಡುತ್ತದೆ?

ಲೆಕ್ಕ ಸುಲಭ. ಹಕ್ಕಿಯ ಉದ್ದ, ದೂರ ಎರಡನ್ನೂ ಒಂದೇ ಅಳತೆಗೆ ತಂದು, ಉದ್ದವನ್ನು ದೂರದಿಂದ ಭಾಗಿಸಿ, ಲೆನ್ಸಿನ ಎಂಎಂನಿಂದ ಗುಣಿಸಿ. ಉತ್ತರ ಮೂರೂವರೆ ಮಿಲಿಮೀಟರ್. ಹೊಸಬರು ಕೊಳ್ಳುವ ಕ್ಯಾನನ್ ಕ್ಯಾಮೆರಾಗಳ ಸೆನ್ಸರ್ ಸುಮಾರು 22 ಮಿಲಿಮೀಟರ್ ಅಗಲ, 15 ಮಿಲಿಮೀಟರ್ ಎತ್ತರ ಇರುತ್ತದೆ. ಅಂದರೆ ಫೋಟೊದ ಅಗಲದಲ್ಲಿ ಹಕ್ಕಿಗೆ ಸಿಗುವುದು ಆರನೇ ಒಂದು ಭಾಗಕ್ಕಿಂತ ಕಡಿಮೆ ಜಾಗ. ಇದನ್ನು ನೋಡಿದ ತಕ್ಷಣ ಎಲ್ಲರಿಗೂ ಅನ್ನಿಸುವುದು ಒಂದೇ: ಲೆನ್ಸ್ ಸಾಲದು, 600 ಎಂಎಂ ಬೇಕು.

600 ಎಂಎಂ ಹಾಕಿದರೆ ಅದೇ ಹಕ್ಕಿ 8.4 ಮಿಲಿಮೀಟರ್ ಆಗುತ್ತದೆ. ಒಳ್ಳೆಯದೇ. ಆದರೆ ಹಕ್ಕಿ ಹಾರಿಹೋಗದ ಹಾಗೆ, ನಿಧಾನವಾಗಿ 10 ಮೀಟರ್ ಹತ್ತಿರ ಹೋದಿರಿ ಅನ್ನಿ. ಈಗ ಕೈಯಲ್ಲಿರುವ 250 ಎಂಎಂನಲ್ಲೇ ಹಕ್ಕಿ 7 ಮಿಲಿಮೀಟರ್ ಬರುತ್ತದೆ. ನೀವು ನಡೆದ 10 ಮೀಟರ್ ನಿಮ್ಮ ಲೆನ್ಸನ್ನು 500 ಎಂಎಂ ಮಾಡಿತು. ದೂರ ಅರ್ಧ ಆದರೆ ಲೆನ್ಸ್ ದುಪ್ಪಟ್ಟಾದ ಹಾಗೆ. ಮನೆ ಹಿತ್ತಲಿನ ದಾಸವಾಳಕ್ಕೆ ಬರುವ ಸೂರಕ್ಕಿಯನ್ನೇ ತಗೊಳ್ಳಿ. ಅದರ ಉದ್ದ 10 ಸೆಂಟಿಮೀಟರ್ ಅಷ್ಟೇ. ಕಿಟಕಿಯಿಂದ 4 ಮೀಟರ್ ದೂರದಲ್ಲಿ ಸಿಕ್ಕರೆ 250 ಎಂಎಂನಲ್ಲಿ ಅದು 6 ಮಿಲಿಮೀಟರಿಗೂ ಜಾಸ್ತಿ ಬರುತ್ತದೆ. ತಂತಿ ಮೇಲಿನ ಮಿಂಚುಳ್ಳಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು.

ಮೊದಲ ಟೆಲಿ ಝೂಮ್ (ದೂರದ್ದನ್ನು ಹತ್ತಿರ ತೋರಿಸುವ, ಎಂಎಂ ಬದಲಿಸಬಹುದಾದ ಲೆನ್ಸ್) ಕೊಳ್ಳುವವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ "ಎಷ್ಟು ಎಂಎಂ?" ಅನ್ನುವುದೇ. ನನ್ನ ಪ್ರಕಾರ ಅದನ್ನು ಕೊನೆಯಲ್ಲಿ ಕೇಳಬೇಕು. ಯಾವುದರ ಫೋಟೊ, ಎಷ್ಟು ದೂರದಿಂದ, ಎಂಥ ಬೆಳಕಿನಲ್ಲಿ, ಲೆನ್ಸನ್ನು ಎಷ್ಟು ಹೊತ್ತು ಕೈಯಲ್ಲಿ ಹಿಡಿಯುತ್ತೀರಿ, ಇವಿಷ್ಟಕ್ಕೆ ಉತ್ತರ ಸಿಕ್ಕರೆ ಎಂಎಂ ತಾನಾಗಿಯೇ ತೀರ್ಮಾನ ಆಗುತ್ತದೆ. ಹಾಗೆ ನೋಡಿದರೆ ಬಹಳಷ್ಟು ಜನರಿಗೆ ಸರಿಹೊಂದುವುದು 400 ಗ್ರಾಂ ಆಸುಪಾಸಿನ, ಕಡಿಮೆ ಬೆಲೆಯ 250 ಎಂಎಂ ವರ್ಗದ ಲೆನ್ಸುಗಳೇ. ಅವನ್ನು "ಬರೀ ಕಿಟ್ ಲೆನ್ಸ್" (ಕ್ಯಾಮೆರಾ ಜೊತೆಗೇ ಕೊಡುವ ಲೆನ್ಸ್) ಅಂತ ತಳ್ಳಿಹಾಕುವುದು ತಪ್ಪು.

ಹತ್ತಿರ ಹೋಗಿ ಅಂದೆ ಅಂತ ಗೂಡಿನ ಹತ್ತಿರ ಹೋಗುವುದು ಬೇಡ. ಮರಿಗಳಿರುವ ಗೂಡಿನ ಮುಂದೆ ಮನುಷ್ಯರು ನಿಂತರೆ ತಾಯಿ ಹಕ್ಕಿ ಆಹಾರ ತರುವುದನ್ನೇ ನಿಲ್ಲಿಸಬಹುದು. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಬೇಡ. ನಾನು ಹೇಳುತ್ತಿರುವುದು ಒಂದು ಜಾಗದಲ್ಲಿ ಅಲ್ಲಾಡದೆ ಕೂತು, ಹಕ್ಕಿಯೇ ಹತ್ತಿರ ಬರುವವರೆಗೆ ಕಾಯುವ ಬಗ್ಗೆ. ಕೆರೆ ದಂಡೆಯಲ್ಲಿ ನಿಂತವರಿಗಿಂತ ಕೂತವರ ಹತ್ತಿರ ಹಕ್ಕಿಗಳು ಹೆಚ್ಚು ಧೈರ್ಯವಾಗಿ ಬರುತ್ತವೆ.

ಜಾಗ ಬದಲಾದರೆ ಲೆನ್ಸೂ ಬದಲು

ರಂಗನತಿಟ್ಟಿನಲ್ಲಿ ದೋಣಿ ಕಾವೇರಿಯ ನಡುಗಡ್ಡೆಗಳ ಪಕ್ಕದಲ್ಲೇ ಸಾಗುತ್ತದೆ. ಬಣ್ಣದ ಕೊಕ್ಕರೆ ನಿಂತಾಗ ಹೆಚ್ಚುಕಡಿಮೆ ಒಂದು ಮೀಟರ್ ಎತ್ತರ. 15 ಮೀಟರ್ ದೂರದಲ್ಲಿ ಸಿಕ್ಕಿದರೆ 250 ಎಂಎಂನಲ್ಲಿ ಅದು ಸುಮಾರು 17 ಮಿಲಿಮೀಟರ್ ಬರುತ್ತದೆ. ಸೆನ್ಸರಿನ ಎತ್ತರ 15 ಅಷ್ಟೇ. ಅಂದರೆ ಕೊಕ್ಕೋ ಕಾಲೋ ತುಂಡಾಗುತ್ತದೆ, ಝೂಮ್ ಹಿಂದಕ್ಕೆ ತರಬೇಕಾಗುತ್ತದೆ. ಅಲ್ಲಿಗೆ 150-600 (150ರಿಂದ 600 ಎಂಎಂವರೆಗೆ ಹೋಗುವ ಝೂಮ್) ಒಯ್ದವರು ಅರ್ಧ ಸಮಯ 150ರಲ್ಲೇ ಇರುತ್ತಾರೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲೂ ಹೀಗೆ. ಅಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಬೀದಿಯಲ್ಲಿ ನಿಂತು ತಲೆ ಎತ್ತಿದರೆ ಸಾಕು, 250 ಎಂಎಂ ಧಾರಾಳ.

ಕಬಿನಿ ಹಿನ್ನೀರಿನಲ್ಲಿ ಬೇಸಿಗೆಯ ಆನೆ ಹಿಂಡುಗಳ ಲೆಕ್ಕ ಇನ್ನೂ ಸೋಜಿಗ. ಮೂರು ಮೀಟರ್ ಎತ್ತರದ ಆನೆ 20 ಮೀಟರ್ ದೂರದಲ್ಲಿ ಬಂದು ನಿಂತರೆ, 200 ಎಂಎಂನಲ್ಲಿ ಅದು 30 ಮಿಲಿಮೀಟರ್ ಆಗುತ್ತದೆ. ಸೆನ್ಸರಿನ ಎತ್ತರದ ಎರಡು ಪಟ್ಟು! 200-500 ಲೆನ್ಸ್ ಒಂದೇ ತಂದವರಿಗೆ ಆನೆಯ ಕಣ್ಣು, ಸೊಂಡಿಲು ಮಾತ್ರ ಸಿಗುತ್ತದೆ. 55-250 ಹಿಡಿದವರು 55ಕ್ಕೆ ತಿರುಗಿಸಿದರೆ ಆನೆ 8 ಮಿಲಿಮೀಟರಿಗೆ ಇಳಿದು, ಸುತ್ತಲಿನ ಹುಲ್ಲು, ಪಕ್ಕದ ಮರಿ, ಹಿಂದಿನ ನೀರು ಎಲ್ಲ ಬರುತ್ತದೆ. ಅದೇ ದಿನ ಹುಲಿ 50 ಮೀಟರ್ ಆಚೆ ರಸ್ತೆ ದಾಟಿದರೆ ಮಾತ್ರ 250 ಸ್ವಲ್ಪ ಕಡಿಮೆ ಅನ್ನಿಸುತ್ತದೆ. ಭುಜದವರೆಗೆ ಒಂದು ಮೀಟರ್ ಎತ್ತರದ ಪ್ರಾಣಿ ಆಗ 5 ಮಿಲಿಮೀಟರ್ ಬರುತ್ತದೆ, 400 ಎಂಎಂನಲ್ಲಿ 8.

ದರೋಜಿ ಕರಡಿಧಾಮದಲ್ಲಿ ವೀಕ್ಷಣಾ ಗೋಪುರದಿಂದ ಎದುರಿನ ಬಂಡೆಗಳ ಮೇಲೆ ಕರಡಿ ನೋಡುವುದು. ಅಲ್ಲಿ ಹತ್ತಿರ ಹೋಗುವ ಮಾತೇ ಇಲ್ಲ. ಉದ್ದ ಲೆನ್ಸ್ ನಿಜವಾಗಿ ಬೇಕಾಗುವ ಜಾಗ ಅದು. ಇದಕ್ಕೆ ಪೂರ್ತಿ ಉಲ್ಟಾ ದಾಂಡೇಲಿ ಕಡೆಯ ಗಣೇಶಗುಡಿ. ಅಲ್ಲಿನ ಓಲ್ಡ್ ಮ್ಯಾಗಜೀನ್ ಹೌಸ್‌ನಲ್ಲಿ ಇಟ್ಟಿರುವ ನೀರಿನ ತೊಟ್ಟಿಗಳಿಗೆ ಕಾಡಿನ ಸಣ್ಣ ಹಕ್ಕಿಗಳು ಸ್ನಾನಕ್ಕೆ ಬರುತ್ತವೆ. ಹಕ್ಕಿ ತೀರಾ ಹತ್ತಿರ. ತೊಂದರೆ ಇರುವುದು ಬೆಳಕಿನದು. ದಟ್ಟ ಮರಗಳ ನೆರಳು.

ಬೆಳಕಿನ ಲೆಕ್ಕ

ಲೆನ್ಸಿನ ಮೇಲೆ ಎಫ್/4-5.6 ಅಂತ ಬರೆದಿರುತ್ತದೆ. ಝೂಮ್ ಹಿಂದಿದ್ದಾಗ ಎಫ್/4, ಪೂರ್ತಿ ಮುಂದೆ ಹೋದಾಗ ಎಫ್/5.6 ಅಂತ ಅರ್ಥ. ಸಂಖ್ಯೆ ದೊಡ್ಡದಾದಷ್ಟೂ ಒಳಗೆ ಬರುವ ಬೆಳಕು ಕಡಿಮೆ. ಟೆಲಿ ಝೂಮನ್ನು ನಾವು ಜಾಸ್ತಿ ಬಳಸುವುದು ಪೂರ್ತಿ ಮುಂದಿಟ್ಟುಕೊಂಡೇ. ಹಾಗಾಗಿ ಹೋಲಿಸುವಾಗ ಮೊದಲ ಸಂಖ್ಯೆ ಬಿಟ್ಟು ಎರಡನೆಯದನ್ನೇ ನೋಡಿ. ಎಫ್/5.6ಕ್ಕೆ ಹೋಲಿಸಿದರೆ ಎಫ್/8ರಲ್ಲಿ ಬೆಳಕು ಅರ್ಧ. ಎಫ್/7.1ರ ಲೆನ್ಸಿಗಿಂತ ಎಫ್/5.6ರ ಲೆನ್ಸ್ ಒಂದೂವರೆ ಪಟ್ಟಿಗೂ ಸ್ವಲ್ಪ ಹೆಚ್ಚು ಬೆಳಕು ಬಿಡುತ್ತದೆ. ಎಫ್/5.6ಕ್ಕೂ ಎಫ್/6.3ಕ್ಕೂ ಇರುವ ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ.

ಗಣೇಶಗುಡಿಯಂಥ ನೆರಳಿನಲ್ಲಿ ಎಫ್/5.6, ಐಎಸ್‌ಒ (ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಬೇಕು ಅನ್ನುವ ಮಟ್ಟ) 3200 ಇಟ್ಟು ಶಟರ್ ಸ್ಪೀಡ್ (ಸೆನ್ಸರ್ ಮೇಲೆ ಬೆಳಕು ಬೀಳುವ ಹೊತ್ತು) 1/250 ಸೆಕೆಂಡ್ ಸಿಕ್ಕಿತು ಅನ್ನಿ. ಎಫ್/8ರ ಲೆನ್ಸಿನಲ್ಲಿ ಅದು 1/125ಕ್ಕೆ ಇಳಿಯುತ್ತದೆ. ಇಲ್ಲವೇ ಐಎಸ್‌ಒ 6400ಕ್ಕೆ ಏರಿಸಬೇಕು. ಸ್ನಾನ ಮಾಡುತ್ತಾ ರೆಕ್ಕೆ ಬಡಿಯುವ ರಾಜಹಕ್ಕಿಗೆ 1/250 ಕೂಡ ಸಾಲದು. ಹಾರುವ ಹಕ್ಕಿಗೆ 1/2000 ಬೇಕು ಅನ್ನುತ್ತಾರಲ್ಲ, ಅದು ಬೆಳಗಿನ ಬಿಸಿಲು ಚೆನ್ನಾಗಿ ಬಿದ್ದ ಬಯಲು ಕೆರೆಯಲ್ಲಿ ಸಿಗುವ ಸೌಲಭ್ಯ.

ಇಲ್ಲಿ ಒಂದು ಹೊಸ ಬೆಳವಣಿಗೆ ಗಮನಿಸಬೇಕು. ಒಳಗೆ ಕನ್ನಡಿ ಇರುವ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾಗಳ ಫೋಕಸ್ ವ್ಯವಸ್ಥೆ ಎಫ್/5.6ರವರೆಗಿನ ಬೆಳಕನ್ನು ಲೆಕ್ಕದಲ್ಲಿಟ್ಟುಕೊಂಡು ಮಾಡಿದ್ದು. ಅದಕ್ಕಿಂತ ಕಡಿಮೆ ಬೆಳಕು ಬಿಡುವ ಲೆನ್ಸನ್ನು ಕಂಪನಿಗಳು ಅವಕ್ಕೆ ಮಾಡುತ್ತಿರಲಿಲ್ಲ, ಮಾಡಿದರೂ ತುಸು ಮಾತ್ರ ಆಚೆ ಹೋಗುತ್ತಿದ್ದವು. ಆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳು ಸೆನ್ಸರಿನಿಂದಲೇ ಫೋಕಸ್ ಮಾಡುವುದರಿಂದ ಎಫ್/8, ಎಫ್/11ರಲ್ಲೂ ಕೆಲಸ ಮಾಡುತ್ತವೆ. ಆದ್ದರಿಂದಲೇ 2021ರಲ್ಲಿ ಬಂದ ಕ್ಯಾನನ್ ಆರ್‌ಎಫ್ 100-400 ಎಫ್/5.6-8 ಬರೀ 635 ಗ್ರಾಂ ತೂಗುತ್ತದೆ. 400 ಎಂಎಂ ಲೆನ್ಸ್ ಇಷ್ಟು ಹಗುರ ಆದದ್ದು ಬೆಳಕನ್ನು ಬಿಟ್ಟುಕೊಟ್ಟಿದ್ದಕ್ಕೆ. ನನಗೆ ಈ ಲೆನ್ಸ್ ಮೇಲೆ ತುಂಬಾ ಗೌರವ ಇದೆ, ಬಿಸಿಲಿನಲ್ಲಿ ಅದು ಕೊಡುವ ಫೋಟೊ ಬಹಳ ಶಾರ್ಪ್. ಆದರೆ ಸಂಜೆ ಐದೂವರೆಯ ಕಾಡಿನಲ್ಲಿ ಅದರ ಎಫ್/8 ನಿಮ್ಮನ್ನು ಕಟ್ಟಿಹಾಕುತ್ತದೆ. ಎರಡೂ ನಿಜ.

ಇನ್ನು ಯಕ್ಷಗಾನ, ಕಂಬಳ, ಮಕ್ಕಳ ಶಾಲೆಯ ವಾರ್ಷಿಕೋತ್ಸವ. ಟೆಲಿ ಝೂಮ್ ಕೊಳ್ಳುವವರಲ್ಲಿ ಎಲ್ಲರೂ ಹಕ್ಕಿ ಹಿಂದೆ ಹೋಗುವವರಲ್ಲ ಅಲ್ವಾ? ರಾತ್ರಿ ಫ್ಲಡ್‌ಲೈಟಿನಲ್ಲಿ ಓಡುವ ಕೋಣಗಳನ್ನು ಹಿಡಿಯಲು 1/1000ದ ಹತ್ತಿರದ ಶಟರ್ ಸ್ಪೀಡ್ ಬೇಕು. ಎಫ್/5.6ರಲ್ಲಿ ಅದಕ್ಕೆ ಐಎಸ್‌ಒ 12,800 ದಾಟಿಸಬೇಕಾಗಬಹುದು, ಫೋಟೊ ಪೂರ್ತಿ ಕಾಳುಕಾಳು. ಅಂಥ ಕಡೆ ಪತ್ರಿಕೆಯವರು 70-200 ಎಫ್/2.8 ಹಿಡಿಯುವುದಕ್ಕೆ ಕಾರಣ ಇದೇ: ಎಫ್/5.6ಕ್ಕಿಂತ ಅದು ನಾಲ್ಕು ಪಟ್ಟು ಬೆಳಕು ಬಿಡುತ್ತದೆ. ಬೆಲೆ, ತೂಕ ಎರಡೂ ಹೊಸಬರ ಕೈಗೆ ಎಟುಕುವಂಥದ್ದಲ್ಲ. ಯಕ್ಷಗಾನಕ್ಕಾದರೆ ಸುಲಭ ದಾರಿ ಇದೆ. ರಂಗಸ್ಥಳದ ಹತ್ತಿರ ಕೂರಲು ಜಾಗ ಸಿಕ್ಕರೆ 85 ಎಂಎಂ ಎಫ್/1.8, ಅದೂ ದುಬಾರಿ ಅನ್ನಿಸಿದರೆ 50 ಎಂಎಂ ಎಫ್/1.8. ಯಾವ ಅಗ್ಗದ ಟೆಲಿ ಝೂಮೂ ಅಲ್ಲಿ ಇವುಗಳ ಸಮಕ್ಕೆ ಬರುವುದಿಲ್ಲ.

ಎರಡು ಅಕ್ಷರ ಇಲ್ಲದ ಲೆನ್ಸ್

ಅಂಗಡಿಯಲ್ಲಿ ಲೆನ್ಸ್ ಕೈಗೆ ತಗೊಂಡಾಗ ಅದರ ಹೆಸರನ್ನು ಕೊನೆಯವರೆಗೂ ಓದಿ. ಕ್ಯಾನನ್ ಆದರೆ ಐಎಸ್, ನಿಕಾನ್ ಆದರೆ ವಿಆರ್, ಸೋನಿ ಆದರೆ ಒಎಸ್‌ಎಸ್, ಟ್ಯಾಮ್ರಾನ್ ಆದರೆ ವಿಸಿ ಅಂತ ಇರಬೇಕು. ಕೈ ನಡುಗಿದ್ದನ್ನು ಸರಿದೂಗಿಸುವ ಸ್ಟೆಬಿಲೈಸೇಷನ್ ಲೆನ್ಸಿನೊಳಗೆ ಇದೆ ಅನ್ನುವುದಕ್ಕೆ ಅದೇ ಗುರುತು.

ಇದಕ್ಕೆ ಇಷ್ಟು ಒತ್ತು ಕೊಡುವುದು ಯಾಕೆ ಅಂದರೆ, ಎಲ್ಲಕ್ಕಿಂತ ಅಗ್ಗವಾಗಿ ಸಿಗುವ ಉದ್ದ ಲೆನ್ಸುಗಳಲ್ಲಿ ಅದು ಇರುವುದಿಲ್ಲ. ಕ್ಯಾನನ್‌ನ ಇಎಫ್ 75-300 ಎಫ್/4-5.6 ಮೂರನೇ ಆವೃತ್ತಿ 1999ರ ಲೆನ್ಸ್. ಫಿಲ್ಮ್ ಕಾಲದ್ದು. 300ರಲ್ಲಿ ಫೋಟೊ ಮೆತ್ತಗೆ ಬರುತ್ತದೆ, ಫೋಕಸ್ ನಿಧಾನ, ಸ್ಟೆಬಿಲೈಸೇಷನ್ ಇಲ್ಲ. ಇಷ್ಟಾದರೂ 2025ರಲ್ಲಿ ಕ್ಯಾನನ್ ಅದೇ ಹಳೆಯ ವಿನ್ಯಾಸವನ್ನು ಮಿರರ್‌ಲೆಸ್ ಮೌಂಟಿಗೆ (ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಜಾಗ) ಹೊಂದಿಸಿ ಆರ್‌ಎಫ್ 75-300 ಅಂತ ಬಿಟ್ಟಿತು. ಕ್ಯಾನನ್ ಆರ್100, ಆರ್50, ಆರ್10 ಬಾಡಿಗಳ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಒಳಗೂ ಸೆನ್ಸರ್ ಸ್ಟೆಬಿಲೈಸೇಷನ್ ಇಲ್ಲ. ಲೆನ್ಸಿನಲ್ಲೂ ಇಲ್ಲ, ಬಾಡಿಯಲ್ಲೂ ಇಲ್ಲ ಅಂದರೆ 300 ಎಂಎಂ ಕೈಯಲ್ಲಿ ಹಿಡಿದು ತೆಗೆಯಲು 1/500ಕ್ಕಿಂತ ಕೆಳಗೆ ಇಳಿಯುವುದು ಕಷ್ಟ. ಇದೊಂದು ಲೆನ್ಸನ್ನು ಹೊಸಬರು ಕೊಳ್ಳಲೇಬಾರದು ಅಂತ ನಾನು ಖಚಿತವಾಗಿ ಹೇಳುತ್ತೇನೆ. ಬೆಲೆಯ ವ್ಯತ್ಯಾಸ ನೋಡಿ ಮನಸ್ಸು ಮಾಡಬೇಡಿ. 300 ಎಂಎಂ ಅಂತ ತಗೊಂಡು, ಶೇಕ್ ಆದ ಫೋಟೊ ನೋಡಿ, ತಪ್ಪು ತಮ್ಮದೇ ಅಂದುಕೊಂಡು ಕ್ಯಾಮೆರಾ ಮೂಲೆಗಿಟ್ಟವರು ಬಹಳ ಜನ ಇದ್ದಾರೆ.

ನಿಕಾನ್‌ನಲ್ಲಿ ಇನ್ನೊಂದು ಥರದ ಗೊಂದಲ. 2016ರ ಎಎಫ್-ಪಿ ಡಿಎಕ್ಸ್ 70-300 ಎಫ್/4.5-6.3 ಎರಡು ರೂಪದಲ್ಲಿ ಬಂತು. ಒಂದರಲ್ಲಿ ವಿಆರ್ ಇದೆ, ಇನ್ನೊಂದರಲ್ಲಿ ಇಲ್ಲ. ನೋಡಲು ಎರಡೂ ಒಂದೇ, ತೂಕದಲ್ಲೂ ಹೆಚ್ಚು ವ್ಯತ್ಯಾಸ ಇಲ್ಲ. ಲೆನ್ಸಿನ ಮೇಲೆ ವಿಆರ್ ಸ್ವಿಚ್ ಕೂಡ ಇರುವುದಿಲ್ಲ, ಕ್ಯಾಮೆರಾ ಮೆನುವಿನಿಂದ ಆನ್ ಮಾಡಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಆ ಎರಡು ಅಕ್ಷರಗಳನ್ನು ಕಣ್ಣಾರೆ ನೋಡದೆ ದುಡ್ಡು ಕೊಡಬೇಡಿ. ಇನ್ನೊಂದು ಮಾತು: ಎಎಫ್-ಪಿ ಲೆನ್ಸುಗಳು ಡಿ90, ಡಿ3100 ಥರದ ಹಳೆಯ ಬಾಡಿಗಳಲ್ಲಿ ಫೋಕಸ್ ಮಾಡುವುದೇ ಇಲ್ಲ.

ಸ್ಟೆಬಿಲೈಸೇಷನ್ ಎಲ್ಲವನ್ನೂ ಸರಿಮಾಡುತ್ತದೆ ಅಂತಲೂ ಅಲ್ಲ. ಅದು ತಡೆಯುವುದು ನಿಮ್ಮ ಕೈ ನಡುಕವನ್ನು. ಹಕ್ಕಿ ತಲೆ ತಿರುಗಿಸಿದ್ದನ್ನು ಅದು ತಡೆಯಲಾರದು. ಕೂತ ಹಕ್ಕಿಗೆ ಅದರಿಂದ ದೊಡ್ಡ ಉಪಕಾರ, ಹಾರುವ ಹಕ್ಕಿಗೆ ಹೆಚ್ಚೇನಿಲ್ಲ.

ಹಾಗಾದರೆ ಯಾವುದು?

ಕ್ಯಾನನ್ ಡಿಎಸ್‌ಎಲ್‌ಆರ್ ಇರುವವರಿಗೆ ಉತ್ತರ ಸ್ಪಷ್ಟ: ಇಎಫ್-ಎಸ್ 55-250 ಎಫ್/4-5.6 ಐಎಸ್ ಎಸ್‌ಟಿಎಂ. 2013ರ ಲೆನ್ಸ್, 375 ಗ್ರಾಂ. 250ರಲ್ಲೂ ಶಾರ್ಪ್ ಆಗಿರುತ್ತದೆ, ಫೋಕಸ್ ಬೇಗ, ಸದ್ದಿಲ್ಲ. 85 ಸೆಂಟಿಮೀಟರ್ ಹತ್ತಿರದವರೆಗೂ ಫೋಕಸ್ ಆಗುವುದರಿಂದ ಚಿಟ್ಟೆ, ಕೊಡತಿ ಹುಳ, ಹೂವಿಗೂ ಆಗುತ್ತದೆ. ಇದಕ್ಕೂ ಮೊದಲಿನ 55-250 ಐಎಸ್ ಎರಡನೇ ಆವೃತ್ತಿ ಹೆಸರಿನಲ್ಲಿ ಒಂದೇ ಥರ ಕಂಡರೂ ಬೇರೆಯೇ. ಅದರ ಫೋಕಸ್ ಮೋಟಾರ್ ಸದ್ದು ಮಾಡುತ್ತದೆ, ನಿಧಾನ. "ಎಸ್‌ಟಿಎಂ" (ಸದ್ದಿಲ್ಲದ ಫೋಕಸ್ ಮೋಟಾರಿನ ಗುರುತು) ಅಂತ ಇರುವುದನ್ನೇ ಹುಡುಕಿ.

ಕ್ಯಾನನ್ ಮಿರರ್‌ಲೆಸ್‌ನ ಆರ್50, ಆರ್10 ಕೊಂಡವರ ಮುಂದೆ ಎರಡು ದಾರಿ ಇವೆ. ಕಂಪನಿ ಕೊಡುವ ಜೋಡಿ ಕಿಟ್‌ನಲ್ಲಿ ಆರ್‌ಎಫ್-ಎಸ್ 55-210 ಎಫ್/5-7.1 ಬರುತ್ತದೆ. 270 ಗ್ರಾಂ ಅಷ್ಟೇ, ಜೇಬಿನಲ್ಲಿ ಇಡಬಹುದು. ಪ್ರವಾಸಕ್ಕೆ, ಮಕ್ಕಳ ಆಟಕ್ಕೆ ಚೆನ್ನಾಗಿದೆ. ಆದರೆ ಹಳೆಯ 55-250 ಎಸ್‌ಟಿಎಂ ಅನ್ನು ಕ್ಯಾನನ್‌ನದೇ ಅಡಾಪ್ಟರ್ ಹಾಕಿ ಇದೇ ಬಾಡಿಗೆ ಕೂರಿಸಿದರೆ 40 ಎಂಎಂ ಉದ್ದ ಜಾಸ್ತಿ, ಬೆಳಕೂ ಜಾಸ್ತಿ. ಫೋಕಸ್‌ನಲ್ಲಿ ಏನೂ ಕೊರತೆ ಆಗುವುದಿಲ್ಲ. ಅಡಾಪ್ಟರ್ 110 ಗ್ರಾಂ, ಒಟ್ಟು ಅರ್ಧ ಕೆಜಿಯೊಳಗೇ. ಹಕ್ಕಿ ನಿಮ್ಮ ಗುರಿ ಆಗಿದ್ದರೆ, ಜೋಡಿ ಕಿಟ್ ಬಿಟ್ಟು ಒಂದೇ ಲೆನ್ಸಿನ ಕಿಟ್ ತಗೊಂಡು ಉಳಿದ ದುಡ್ಡನ್ನು ಇದಕ್ಕೆ ಹಾಕಿ. ಇಲ್ಲವೇ ಸ್ವಲ್ಪ ತಡೆದು ನೇರವಾಗಿ ಆರ್‌ಎಫ್ 100-400ಕ್ಕೆ ಹೋಗಿ.

ನಿಕಾನ್ ಡಿಎಸ್‌ಎಲ್‌ಆರ್‌ಗೆ ಮೇಲೆ ಹೇಳಿದ 70-300 ವಿಆರ್, 415 ಗ್ರಾಂ, ಬೆಲೆಗೆ ತಕ್ಕುದಕ್ಕಿಂತ ಹೆಚ್ಚೇ ಕೊಡುತ್ತದೆ. ಝಡ್50 ಸರಣಿಗೆ ಕಿಟ್‌ನಲ್ಲಿ ಬರುವ ಝಡ್ ಡಿಎಕ್ಸ್ 50-250 ಎಫ್/4.5-6.3 ವಿಆರ್, 405 ಗ್ರಾಂ. ಕಿಟ್ ಲೆನ್ಸುಗಳ ಪೈಕಿ ಇದು ನಿಜಕ್ಕೂ ಚೆನ್ನಾಗಿದೆ, ಯೋಚಿಸದೆ ಇಟ್ಟುಕೊಳ್ಳಿ.

ಸೋನಿಯಲ್ಲಿ ಪರಿಸ್ಥಿತಿ ಬೇರೆ. ಕಿಟ್‌ನ 55-210 ಎಫ್/4.5-6.3 2011ರದ್ದು, ಈಗಿನ ಬಾಡಿಗಳ ಮುಂದೆ ಅದು ಹಳೆಯದಾಗಿ ಕಾಣುತ್ತದೆ. 2019ರ 70-350 ಎಫ್/4.5-6.3 ಜಿ ಒಎಸ್‌ಎಸ್ 625 ಗ್ರಾಂನಲ್ಲಿ 350 ಎಂಎಂ ಕೊಡುತ್ತದೆ, ಬಹಳ ಶಾರ್ಪ್. ಬೆಲೆ ಮಾತ್ರ ಹೊಸಬರ ಲೆನ್ಸಿನದ್ದಲ್ಲ. ಕಡಿಮೆ ಬೆಲೆಗೆ ಟ್ಯಾಮ್ರಾನ್ 70-300 ಎಫ್/4.5-6.3 ಇದೆ, ಒಳ್ಳೆಯ ಲೆನ್ಸ್. ಆದರೆ ಅದರಲ್ಲಿ ವಿಸಿ ಇಲ್ಲ. ಎ6400 ಥರದ ಬಾಡಿಯಲ್ಲೂ ಸ್ಟೆಬಿಲೈಸೇಷನ್ ಇಲ್ಲ. ಬಾಡಿಯಲ್ಲೇ ಸ್ಟೆಬಿಲೈಸೇಷನ್ ಇರುವ ಎ6700 ಇದ್ದರೆ ತಗೊಳ್ಳಿ, ಎ6400 ಇದ್ದರೆ ಬೇಡ. ಫ್ಯೂಜಿಫಿಲ್ಮ್ ಇರುವವರು ಎಕ್ಸ್‌ಎಫ್ 70-300 ನೋಡಬಹುದು. 580 ಗ್ರಾಂ, ಮಳೆ ಹನಿಗೆ ಹೆದರಬೇಕಿಲ್ಲ.

ಬಾಡಿ, ಲೆನ್ಸ್ ಎರಡೂ ಬೇಡ, ಹಕ್ಕಿ ಗುರುತಿಸುವಷ್ಟು ಫೋಟೊ ಸಿಕ್ಕರೆ ಸಾಕು ಅನ್ನುವವರಿಗೆ ನಿಕಾನ್ ಪಿ950 ಥರದ, ಲೆನ್ಸ್ ಬಿಚ್ಚಲು ಬಾರದ ಬ್ರಿಡ್ಜ್ ಕ್ಯಾಮೆರಾಗಳಿವೆ. 2000 ಎಂಎಂ ಅಂತ ಜಾಹೀರಾತು ಇರುತ್ತದೆ. ಲೆನ್ಸಿನ ನಿಜವಾದ ಉದ್ದ 357 ಎಂಎಂ, ಸೆನ್ಸರ್ ಆರು ಮಿಲಿಮೀಟರ್ ಚಿಲ್ಲರೆ ಅಗಲ. ನಮ್ಮ ಮಿಂಚುಳ್ಳಿ ಅದರಲ್ಲಿ 5 ಮಿಲಿಮೀಟರ್ ಬರುತ್ತದೆ, ಅಂದರೆ ಫೋಟೊ ತುಂಬಾ ಹಕ್ಕಿಯೇ. ಬಿಸಿಲಿನಲ್ಲಿ ಇದು ಸಂತೋಷ ಕೊಡುವ ಕ್ಯಾಮೆರಾ. ಮೋಡ ಕವಿದರೆ ಅಷ್ಟು ಸಣ್ಣ ಸೆನ್ಸರಿಗೆ ಬೆಳಕು ಸಾಲುವುದಿಲ್ಲ.

600 ಎಂಎಂ ಕನಸು

ಸಿಗ್ಮಾ 150-600 ಕಂಟೆಂಪರರಿ 1930 ಗ್ರಾಂ. ಟ್ಯಾಮ್ರಾನ್ 150-600 ಎರಡನೇ ಆವೃತ್ತಿ 2 ಕೆಜಿ. ನಿಕಾನ್ 200-500 ಎಫ್/5.6 ಎರಡು ಕೆಜಿ ಮುನ್ನೂರು ಗ್ರಾಂ. ಸೋನಿ 200-600 ಕೂಡ ಎರಡು ಕೆಜಿ ದಾಟುತ್ತದೆ. ಕ್ಯಾನನ್ ಆರ್‌ಎಫ್ 200-800, ನಿಕಾನ್ ಝಡ್ 180-600, 2023ರಲ್ಲಿ ಬಂದ ಇವೆರಡರ ತೂಕವೂ ಹೆಚ್ಚುಕಡಿಮೆ ಅಷ್ಟೇ. ಒಳ್ಳೆಯ ಲೆನ್ಸುಗಳು, ಸಂಶಯವೇ ಇಲ್ಲ. ಸಫಾರಿ ಜೀಪುಗಳಲ್ಲಿ ಇವುಗಳದ್ದೇ ಸಾಲು.

ಆದರೆ ಮೊದಲ ಲೆನ್ಸಾಗಿ ಇವು ಯಾಕೆ ಬೇಡ ಅನ್ನುತ್ತೇನೆ ಅಂದರೆ, 600 ಎಂಎಂನಲ್ಲಿ, ಮೊದಲು ಹೇಳಿದ 22 ಮಿಲಿಮೀಟರ್ ಸೆನ್ಸರಿನ ಕ್ಯಾಮೆರಾಕ್ಕೆ ಕಾಣುವುದು ಬರೀ 2 ಡಿಗ್ರಿ ಅಗಲದ ಲೋಕ. ಎಲೆಗಳ ನಡುವೆ ಜಿಗಿಯುವ ಪಿಕಳಾರವನ್ನು ಆ ಕಿಂಡಿಯೊಳಗೆ ಹುಡುಕುವುದೇ ಒಂದು ವಿದ್ಯೆ. ಹುಡುಕುವಷ್ಟರಲ್ಲಿ ಹಕ್ಕಿ ಇರುವುದಿಲ್ಲ. 55-250 ಇದ್ದರೆ 55ರಲ್ಲಿ ಹುಡುಕಿ, ಫೋಕಸ್ ಸಿಕ್ಕ ಮೇಲೆ 250ಕ್ಕೆ ತಿರುಗಿಸಬಹುದು. ಕಣ್ಣು, ಕೈ ಎರಡೂ ಹೊಂದಿಕೊಳ್ಳುವುದು ಹೀಗೆ. ತೂಕದ ಮಾತು ಬೇರೆ. ಎರಡು ಕೆಜಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಕಾಯುತ್ತಾ ನಿಂತರೆ ತೋಳು ನಡುಗಲು ಹೆಚ್ಚು ಹೊತ್ತು ಬೇಡ. ಜೀಪಿನಲ್ಲಾದರೆ ಬೀನ್ ಬ್ಯಾಗ್ ಮೇಲೆ ಇಡಬಹುದು. ಖಾಲಿ ಚೀಲ ಒಯ್ದು, ಅಲ್ಲೇ ಅಂಗಡಿಯಲ್ಲಿ ಎರಡು ಕೆಜಿ ರಾಗಿಯೋ ಅಕ್ಕಿಯೋ ತುಂಬಿಸಿದರೆ ಆಯಿತು. ಕೆರೆ ಸುತ್ತ ನಡೆಯುವವರಿಗೆ ಆ ಸೌಲಭ್ಯ ಇಲ್ಲ.

ಕರ್ನಾಟಕದ ಕೆಲವು ಅಭಯಾರಣ್ಯಗಳಲ್ಲಿ ಕ್ಯಾಮೆರಾ ಶುಲ್ಕ ಲೆನ್ಸಿನ ಉದ್ದ ನೋಡಿ ಏರುತ್ತದೆ. ಹೋಗುವ ಮೊದಲು ವಿಚಾರಿಸಿ.

ಇನ್ನೊಂದು ಸಂಗತಿಯನ್ನು ಯಾವ ಲೆನ್ಸೂ ಗೆಲ್ಲಲಾರದು. ಹನ್ನೊಂದು ಗಂಟೆಯ ಬಿಸಿಲಿಗೆ ನೆಲ ಕಾದು ಗಾಳಿ ಅಲೆಅಲೆಯಾಗಿ ಏಳುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಬಾತುಗಳನ್ನು ನೂರಿನ್ನೂರು ಮೀಟರ್ ಆಚೆಯಿಂದ ಆ ಹೊತ್ತಿನಲ್ಲಿ ತೆಗೆದರೆ, 600 ಎಂಎಂ ಆದರೂ ಅಂಚು ಕಲಸಿದ ಹಾಗೆ ಬರುತ್ತದೆ. ಫೋಕಸ್ ಸರಿ ಇಲ್ಲ, ಲೆನ್ಸ್ ಸರಿ ಇಲ್ಲ ಅಂತ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. ಬೆಳಗ್ಗೆ ಏಳಕ್ಕೆ ಅಲ್ಲಿದ್ದರೆ ಅದೇ ಲೆನ್ಸ್ ಗರಿಗರಿಯನ್ನೂ ತೋರಿಸುತ್ತದೆ.

ಕ್ರಾಪ್ ಮಾಡುವುದಕ್ಕೆ, ಅಂದರೆ ಫೋಟೊದ ಬೇಡದ ಅಂಚು ಕತ್ತರಿಸುವುದಕ್ಕೆ, ನಾಚಬೇಕಾಗಿಲ್ಲ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೊ 6000 ಪಿಕ್ಸೆಲ್ ಅಗಲ ಇರುತ್ತದೆ. 20 ಮೀಟರ್ ದೂರದ ಮಿಂಚುಳ್ಳಿ ಮೂರೂವರೆ ಮಿಲಿಮೀಟರ್ ಬಂತಲ್ಲ, ಅದರಲ್ಲಿ 900ಕ್ಕೂ ಹೆಚ್ಚು ಪಿಕ್ಸೆಲ್ ಇವೆ. ಮೊಬೈಲ್ ಪರದೆ ತುಂಬಲು ಅಷ್ಟು ಸಾಕು. ಫೋಟೊ ಶಾರ್ಪ್ ಆಗಿರಬೇಕು ಅಷ್ಟೇ. ಶೇಕ್ ಆದ 600 ಎಂಎಂ ಫೋಟೊಗಿಂತ ಶಾರ್ಪ್ ಆದ 250 ಎಂಎಂ ಕ್ರಾಪ್ ಎಷ್ಟೋ ಚೆನ್ನಾಗಿರುತ್ತದೆ.

ಸೆಕೆಂಡ್ ಹ್ಯಾಂಡ್ ನೋಡುವಾಗ

ಜನ ಮಿರರ್‌ಲೆಸ್‌ಗೆ ಹೋಗುತ್ತಿರುವುದರಿಂದ ಡಿಎಸ್‌ಎಲ್‌ಆರ್ ಲೆನ್ಸುಗಳು ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಧಾರಾಳ ಸಿಗುತ್ತವೆ. ಹೊಸಬರಿಗೆ ಇದು ಒಳ್ಳೆಯ ಕಾಲ. ಎಚ್ಚರ ಬೇಕಾದದ್ದು ಫಂಗಸ್ ಬಗ್ಗೆ, ಅದರಲ್ಲೂ ಮಲೆನಾಡು, ಕರಾವಳಿ ಕಡೆಯ ಲೆನ್ಸುಗಳಲ್ಲಿ. ಎರಡೂ ಕಡೆಯ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಮುಂದಿನಿಂದ ಸ್ವಲ್ಪ ಓರೆಯಾಗಿ ನೋಡಿ. ಒಳಗಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯಂಥ ಎಳೆಗಳು ಕಂಡರೆ ಬೇಡ ಅನ್ನಿ, ಎಷ್ಟೇ ಅಗ್ಗ ಆಗಲಿ. ನಾಲ್ಕಾರು ಧೂಳಿನ ಕಣ ಇದ್ದರೆ ಪರವಾಗಿಲ್ಲ, ಫೋಟೊದಲ್ಲಿ ಕಾಣುವುದಿಲ್ಲ.

ಆಮೇಲೆ ಎದುರಿನ ಅಂಗಡಿಯ ಬೋರ್ಡನ್ನು ಝೂಮ್ ಪೂರ್ತಿ ಮುಂದಿಟ್ಟು, ಅಪರ್ಚರ್ (ಬೆಳಕು ಬರುವ ಕಿಂಡಿ) ಪೂರ್ತಿ ತೆರೆದು, ಅಂದರೆ ಎಫ್ ಸಂಖ್ಯೆ ಆದಷ್ಟು ಸಣ್ಣದಿಟ್ಟು ಒಂದು ಫೋಟೊ ತೆಗೆಯಿರಿ. ಹಿಗ್ಗಿಸಿ ನೋಡಿದಾಗ ಎಡಗಡೆ ಅಕ್ಷರ ಚೂಪಾಗಿದ್ದು ಬಲಗಡೆ ಮಸುಕಾಗಿದ್ದರೆ, ಆ ಲೆನ್ಸ್ ಬಿದ್ದು ಏಟು ತಿಂದಿರುವ ಸಾಧ್ಯತೆ ಇದೆ.

ಕೊಂಡ ಮೇಲೆ ಹುಡ್ (ಲೆನ್ಸಿನ ಮುಂದೆ ಹಾಕುವ, ಓರೆ ಬೆಳಕು ತಡೆಯುವ ಕೊಳವೆ) ತಪ್ಪದೆ ಹಾಕಿ. ಕ್ಯಾನನ್‌ನ ಈ ದರ್ಜೆಯ ಲೆನ್ಸುಗಳಿಗೆ ಹುಡ್ ಬಾಕ್ಸಿನಲ್ಲಿ ಬರುವುದಿಲ್ಲ, ಬೇರೆ ತಗೋಬೇಕು. ಅಗ್ಗದ ಯುವಿ ಫಿಲ್ಟರ್ ಹಾಕಿ ಗಾಜು ಕಾಪಾಡುತ್ತೇನೆ ಅಂದರೆ ಟೆಲಿ ಲೆನ್ಸಿನ ಶಾರ್ಪ್‌ನೆಸ್ ಅಲ್ಲೇ ಹೋಗುತ್ತದೆ. ಮಳೆಗಾಲದಲ್ಲಿ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಅಕ್ಕಿ ಡಬ್ಬಿಯಲ್ಲಿ ಇಡುವುದು ಬೇಡ, ಅದರ ಪುಡಿ ಝೂಮ್ ರಿಂಗಿನೊಳಗೆ ಸೇರುತ್ತದೆ. ತಿಂಗಳುಗಟ್ಟಲೆ ಬ್ಯಾಗಿನಲ್ಲಿ ಮುಚ್ಚಿಡುವುದಕ್ಕಿಂತ ಆಗಾಗ ಹೊರಗೆ ತೆಗೆದು ಬಳಸಿದ ಲೆನ್ಸಿಗೆ ಫಂಗಸ್ ಹತ್ತುವುದು ಕಡಿಮೆ.

ಮುಂದಿನ ಲೆನ್ಸ್ ಯಾವುದು ಅನ್ನುವುದನ್ನು ಆರು ತಿಂಗಳ ನಂತರ ನಿಮ್ಮ ಫೋಟೊಗಳೇ ಹೇಳುತ್ತವೆ. ಕಂಪ್ಯೂಟರಿನಲ್ಲಿ ಫೋಲ್ಡರ್ ತೆರೆದು, ಇಷ್ಟವಾದ ಫೋಟೊಗಳ ವಿವರದಲ್ಲಿ ಎಂಎಂ, ಶಟರ್ ಸ್ಪೀಡ್, ಐಎಸ್‌ಒ ನೋಡುತ್ತಾ ಹೋಗಿ. ಬಹುಪಾಲು 250ರಲ್ಲೇ ಇದ್ದು, ಎಲ್ಲವನ್ನೂ ಕ್ರಾಪ್ ಮಾಡಿದ್ದರೆ 100-400ರ ವರ್ಗಕ್ಕೆ ಹೋಗುವ ಹೊತ್ತು ಬಂದಿದೆ. ಐಎಸ್‌ಒ ಸದಾ 6400ರ ಆಸುಪಾಸಿನಲ್ಲಿದ್ದರೆ ನಿಮಗೆ ಬೇಕಾದದ್ದು ಬೆಳಕು, ಉದ್ದವಲ್ಲ. ಅರ್ಧಕ್ಕರ್ಧ ಫೋಟೊಗಳು 55ರಿಂದ 100ರ ನಡುವೆ ಇದ್ದರೆ, ನೀವು ಇಷ್ಟಪಡುವುದು ಜನರನ್ನು, ಊರನ್ನು, ಜಾತ್ರೆಯನ್ನು. ಆಗ 85 ಎಂಎಂ ಎಫ್/1.8 ಕಡೆ ನೋಡಿ. 600 ಎಂಎಂ ಬೇಕೇ ಬೇಕು ಅನ್ನಿಸಿದರೆ ಬೆಂಗಳೂರಿನಲ್ಲಿ ದಿನದ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ. ಒಂದು ವಾರಾಂತ್ಯ ತಂದು, ನಿಮ್ಮದೇ ಕೆರೆಯ ಸುತ್ತ ಹೆಗಲ ಮೇಲೆ ಹೊತ್ತು ನಡೆದು ನೋಡಿ, ಆಮೇಲೆ ದುಡ್ಡು ಕೊಡುವ ಯೋಚನೆ ಮಾಡಿ.